ಜೂನ್‌ದಿಂದ ಪ್ರಭಾರ ಮುಖ್ಯಶಿಕ್ಷಕ: ಹೈಸ್ಕೂಲಿನ ಒಂದು ವರ್ಷ ಹೆಂಗ ಹಂಚ್ಕೋಬೇಕು?

ಕರಿಹಲಗೆ (ವಿಜಯಪುರ ಜಿಲ್ಲೆ)

ಗುರುಬಳಗಕ್ಕೆ ನಮಸ್ಕಾರ. ಈ ಜೂನ್‌ದಿಂದ ನಮ್ಮ ಸರಕಾರಿ ಪ್ರೌಢಶಾಲೆಯ ಪ್ರಭಾರ ನನ್ನ ಕೊರಳಿಗೆ ಬೀಳುತ್ತಿದೆ. ತಿಕೋಟಾ ಕಡೆಯ ಹಳ್ಳಿ, ಕನ್ನಡ ಮಾಧ್ಯಮ, 8ರಿಂದ 10ರವರೆಗೆ 176 ಮಕ್ಕಳು, ಅದರಲ್ಲಿ ಹತ್ತನೇ ತರಗತಿ 54. ಹಿಂದಿ ಮತ್ತು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರ ಹುದ್ದೆ ಖಾಲಿ. ಕ್ಲರ್ಕ್ ವಾರದಲ್ಲಿ ಮೂರು ದಿನ ಬೇರೆ ಶಾಲೆಗೆ ನಿಯೋಜನೆ.

ನನಗೆ ಬೇಕಾದದ್ದು ಇಷ್ಟು. ಯಾವ ಕೆಲಸ ಯಾವ ತಿಂಗಳಲ್ಲಿ ಹಿಡಿದರೆ ಕೊನೆಗೆ ಒದ್ದಾಟ ಇರುವುದಿಲ್ಲ? ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್‌ನಲ್ಲಿ (ಪರೀಕ್ಷೆಗೆ ಕೂರುವವರ ಹೆಸರಿನ ಪಟ್ಟಿ) ತಪ್ಪು ಎಲ್ಲಿಂದ ಹುಟ್ಟುತ್ತದೆ? ಬಿಸಿಯೂಟದ ಲೆಕ್ಕ ಆಡಿಟ್‌ನಲ್ಲಿ ಯಾಕೆ ಕೂಡುವುದಿಲ್ಲ? ದೀಪಾವಳಿ ಆದಮೇಲೆ ಕಬ್ಬು ಕಡಿಯಲು, ಆಮೇಲೆ ದ್ರಾಕ್ಷಿ, ಮಣೂಕ (ಒಣದ್ರಾಕ್ಷಿ) ಅಂತ ಖಾಲಿ ಆಗುವ ಬೆಂಚುಗಳಿಗೆ ಏನು ಉಪಾಯ? ಸುತ್ತೋಲೆ ಓದಿದ್ದೇನೆ. ಸುತ್ತೋಲೆಯಲ್ಲಿ ಬರೆಯದೆ ಇರುವುದನ್ನು ಹೇಳಿ.

ಹಳೇ ಹಾಜರಿ (ಬಾಗಲಕೋಟೆ)

ಸರ್, ಕಾಗದದ ಮೇಲೆ ವರ್ಷ ಎರಡು ಅವಧಿ: ಜೂನ್‌ದಿಂದ ದಸರಾ ರಜೆ ತನಕ ಒಂದು, ಅಲ್ಲಿಂದ ಏಪ್ರಿಲ್ 10ರ ಸುಮಾರಿಗೆ ಇನ್ನೊಂದು. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಪಾಠ ಆಗುವ ವರ್ಷ ಅಂದರೆ ಜೂನ್ 15ರಿಂದ ಡಿಸೆಂಬರ್ ಕೊನೆಯವರೆಗೆ, ಅಷ್ಟೇ. ಜನವರಿ ಜಾತ್ರೆಗೆ ಹೋಗುತ್ತದೆ (ನಿಮ್ಮಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ, ನಮ್ಮಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ), ಫೆಬ್ರವರಿ ಪೂರ್ವಸಿದ್ಧತಾ ಪರೀಕ್ಷೆಗೆ ಹೋಗುತ್ತದೆ. ಹತ್ತನೇ ತರಗತಿಯ ಪಾಠ ಡಿಸೆಂಬರ್ 31ಕ್ಕೆ ಮುಗಿಯಬೇಕು ಅಂತ ಜೂನ್‌ನಲ್ಲೇ ಬರೆದು ಸಿಬ್ಬಂದಿ ಕೋಣೆಯಲ್ಲಿ ಅಂಟಿಸಿ. ಅದರಲ್ಲೂ ಕನಿಷ್ಠ ಹತ್ತು ದಿನ ಕೈಯಲ್ಲಿ ಇಟ್ಟುಕೊಳ್ಳಿ. 2025ರಲ್ಲಿ ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತಲ್ಲ, ಅಂಥದ್ದು ಯಾವ ವರ್ಷ ಬರುತ್ತದೆ ಅಂತ ಮೊದಲೇ ಯಾರೂ ಹೇಳುವುದಿಲ್ಲ. ಚುನಾವಣೆ ಇದ್ದ ವರ್ಷವಂತೂ ಮತಗಟ್ಟೆ ಕೆಲಸ ಅಂತ ಇಬ್ಬರು ಮೂವರು ಕಾಣೆಯಾಗುತ್ತಾರೆ.

ವೇಳಾಪಟ್ಟಿ ವಿಷಯ. ಸೋಮವಾರದಿಂದ ಶುಕ್ರವಾರ ದಿನಕ್ಕೆ 8, ಶನಿವಾರ ಮುಂಜಾನೆ ಶಾಲೆ 5, ಒಟ್ಟು ವಾರಕ್ಕೆ 45 ಅವಧಿ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ ಅಂತ ನಂಬಿ ಪಟ್ಟಿ ಹಾಕಬೇಡಿ. ಆದೇಶ ಬಂದು, ಅರ್ಜಿ ಕರೆದು, ಅವರು ಬಂದು ನಿಲ್ಲುವ ಹೊತ್ತಿಗೆ ಒಂದು ತಿಂಗಳು ಹೋಗಿರುತ್ತದೆ. ಎರಡು ಪಟ್ಟಿ ಮಾಡಿ: ಒಂದು ಇದ್ದವರಲ್ಲೇ ನಡೆಯುವ ಜೂನ್ ಪಟ್ಟಿ, ಇನ್ನೊಂದು ಅತಿಥಿ ಶಿಕ್ಷಕರು ಬಂದಮೇಲಿನದು. ಜೂನ್ ಪಟ್ಟಿಯಲ್ಲಿ ಸಿಬಿಝಡ್‌ನ ಜೀವಶಾಸ್ತ್ರ ಅಧ್ಯಾಯಗಳನ್ನು ಮುಂದಕ್ಕೆ ಹಾಕಿ, ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರಿಂದ ಭೌತಶಾಸ್ತ್ರ, ರಸಾಯನಶಾಸ್ತ್ರ ಹಿಡಿಸಿ. ಇಡೀ ವಿಜ್ಞಾನವನ್ನು ಅವರ ತಲೆಗೆ ಕಟ್ಟಿದರೆ ಗಣಿತ ಹಾಳಾಗುತ್ತದೆ. ಊಟ ಆದಮೇಲಿನ ಮೊದಲ ಅವಧಿಗೆ ಹತ್ತನೆಯವರಿಗೆ ಗಣಿತ ಬೇಡ. ಆ ಹೊತ್ತಿಗೆ ಕೈಗೆ ಕೆಲಸ ಇರುವುದು ಬೇಕು: ನಕ್ಷೆ ತುಂಬುವುದು, ಪ್ರಯೋಗ, ಬರವಣಿಗೆ.

ಜೂನ್‌ನ ಸೇತುಬಂಧವನ್ನು (ಹಿಂದಿನ ತರಗತಿಯ ಕಲಿಕೆಯ ಪರೀಕ್ಷೆ, ಮರುಪಾಠ) ಶಾಸ್ತ್ರಕ್ಕೆ ಮುಗಿಸಬೇಡಿ. ಎಂಟನೇ ತರಗತಿಗೆ ನಾಲ್ಕೈದು ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರುತ್ತಾರೆ. ಪೂರ್ವ ಪರೀಕ್ಷೆಯ ಜೊತೆಗೆ ಎರಡು ಕೆಲಸ ಸಾಕು: ಒಂದು ಪ್ಯಾರಾ ಕನ್ನಡ ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸುವುದು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಐದು ಲೆಕ್ಕ. 60 ಮಕ್ಕಳಿಗೆ ಎರಡು ದಿನದ ಕೆಲಸ. ಇದರಲ್ಲಿ ಬಿದ್ದವರ ಪಟ್ಟಿಯೇ ಮೂರು ವರ್ಷದ ನಂತರ ಎಸ್ಸೆಸ್ಸೆಲ್ಸಿ ಬೀಳುವವರ ಪಟ್ಟಿ. ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಎಷ್ಟು ವಿಶೇಷ ವರ್ಗ ನಡೆಸಿದರೂ ಓದಲು ಬಾರದ ಹುಡುಗನಿಗೆ ಸಮಾಜ ವಿಜ್ಞಾನ ಕಲಿಸಲು ಆಗುವುದಿಲ್ಲ. ವರ್ಷಕ್ಕೆ ಒಂದೇ ಕೆಲಸ ಸರಿಯಾಗಿ ಮಾಡುವಷ್ಟು ಬಲ ಇದ್ದರೆ ಇದನ್ನು ಮಾಡಿ ಅಂತಲೇ ನಾನು ಹೇಳುವುದು.

ಉಳಿದವು ಬೇಗ ಹೇಳುತ್ತೇನೆ. ಜುಲೈ: ಇನ್‌ಸ್ಪೈರ್ ಮಾನಕ್‌ಗೆ (ಕೇಂದ್ರ ಸರಕಾರದ ವಿಜ್ಞಾನ ಐಡಿಯಾ ಯೋಜನೆ) ಶಾಲೆಗೆ ಐದು ಐಡಿಯಾ ಕಳಿಸಬಹುದು, ಆಯ್ಕೆಯಾದ ಮಗುವಿಗೆ ₹10,000. ಅಂತರ್ಜಾಲದಿಂದ ಎತ್ತಿದ ‘ಮಳೆ ಬಂದರೆ ಅಲಾರಂ’ ಕಳಿಸಬೇಡಿ. ಹೊಲದಲ್ಲಿ ಕಂಡ ತೊಡಕು, ಅಂದರೆ ಈರುಳ್ಳಿ ವಿಂಗಡಣೆಯೋ ಹನಿ ನೀರಾವರಿ ಪೈಪು ಕಟ್ಟಿಕೊಳ್ಳುವುದೋ, ಅಂಥದ್ದನ್ನು ಮಕ್ಕಳ ಮಾತಲ್ಲೇ ಬರೆಸಿ. ಜುಲೈ–ಆಗಸ್ಟ್: ಕ್ರೀಡಾಕೂಟ, ಪ್ರತಿಭಾ ಕಾರಂಜಿ. ಸೆಪ್ಟೆಂಬರ್ 30: ಯು-ಡೈಸ್‌ಗೆ (ಶಾಲೆಗಳ ರಾಷ್ಟ್ರೀಯ ಮಾಹಿತಿ ದಾಖಲೆ) ಅದೇ ದಿನದ ಅಂಕಿಸಂಖ್ಯೆ. ಶೌಚಾಲಯ ಎಷ್ಟು, ಕೊಠಡಿ ಎಷ್ಟು ಅಂತ ಹಳೆಯದನ್ನೇ ನಕಲು ಮಾಡಿದರೆ ಮುಂದೆ ಕೊಠಡಿ ಮಂಜೂರಾತಿ ಕೇಳಿದಾಗ ‘ನಿಮ್ಮ ದಾಖಲೆಯಲ್ಲಿ ಕೊಠಡಿ ಸಾಕಷ್ಟಿವೆ’ ಅಂತ ಅದೇ ಕಾಗದ ತೋರಿಸುತ್ತಾರೆ. ಸೋರುವ ಕೊಠಡಿಯನ್ನು ಸೋರುತ್ತದೆ ಅಂತಲೇ ತುಂಬಿ.

ಟಪಾಲು ವಹಿ (ವಿಜಯಪುರ)

ಸರ, ನಾಮಿನಲ್ ರೋಲ್ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ಬೈಸ್ಕೊಳ್ಳೋದು ನಮ್ಮ ಟೇಬಲ್ಲೇ.

ತಪ್ಪು ಅಕ್ಟೋಬರ್‌ನ್ಯಾಗ ಹುಟ್ಟಂಗಿಲ್ರಿ, ಎಂಟನೇ ತರಗತಿ ದಾಖಲಾತಿ ದಿನಾನ ಹುಟ್ತದ. ಎಸ್‌ಎಟಿಎಸ್‌ನ್ಯಾಗ (ರಾಜ್ಯದ ಮಕ್ಕಳ ಆನ್‌ಲೈನ್ ದಾಖಲೆ) ಪ್ರಾಥಮಿಕ ಶಾಲಿಯವ್ರು ಏನು ಬರದಾರೋ ಅದ ಹಂಗ ಬರ್ತದ, ಪರೀಕ್ಷಾ ಮಂಡಳಿ ಅದ್ರಿಂದನ ಎಳ್ಕೋತದ. ಆಧಾರ್‌ದಾಗ ಒಂದು, ಟಿಸಿಯೊಳಗ ಒಂದು, ಎಸ್‌ಎಟಿಎಸ್‌ನ್ಯಾಗ ಇನ್ನೊಂದು. ನಮ್ಮ ಕಡೆ ಬರೋ ತಪ್ಪು ಹೆಚ್ಚೂಕಡಿಮಿ ಇವ:

ಅಡ್ಡಹೆಸರು ಮುಂದೋ ಹಿಂದೋ ಅನ್ನೋದು. ಬಡಿಗೇರ, ಚಲವಾದಿ, ರಾಠೋಡ ಇವು ಒಂದು ಕಾಗದದಾಗ ಮೊದಲ ಅದಾವ, ಇನ್ನೊಂದ್ರಾಗ ಕೊನಿಗೆ. ಬಡಿಗೇರಕ್ಕ ಇಂಗ್ಲಿಷ್‌ದಾಗ ಕೊನಿಗೆ ‘ಎ’ ಹಚ್ಚೋದೋ ಬಿಡೋದೋ ಅಂತ ಮೂರು ನಮೂನಿ. ಮಹಮ್ಮದ ಅಂತ ಶುರುವಾಗೋ ಹೆಸರಿಗಂತೂ ಐದು ಸ್ಪೆಲಿಂಗ್. ತಾಯಿ ಹೆಸರು ಮನ್ಯಾಗ ಶಾಂತವ್ವ, ಆಧಾರ್‌ದಾಗ ಶಾಂತಾಬಾಯಿ, ಟಿಸಿಯೊಳಗ ಶಾಂತಾ. ಈ ಮೂರೂ ಒಬ್ಬಾಕಿನ ಅಂತ ನಮಗ ಗೊತ್ತದ, ಕಂಪ್ಯೂಟರಿಗೆ ಗೊತ್ತಿಲ್ಲ.

ಹಿಂಗ ಮಾಡ್ರಿ. ಒಂಬತ್ತನೇ ತರಗತಿ ಮುಗಿಯೂದ್ರಾಗ, ಅಂದ್ರ ಮಾರ್ಚ್‌ಕ್ಕ, ಒಂದೊಂದು ಮಗೂಗೆ ಒಂದೊಂದು ಹಾಳಿ ಪ್ರಿಂಟ್ ತಗೀರಿ: ಹೆಸರು ಎರಡೂ ಭಾಷಾದಾಗ, ತಂದಿ, ತಾಯಿ, ಹುಟ್ಟಿದ ದಿನ, ಜಾತಿ, ಮಾಧ್ಯಮ, ಭಾಷಾ ವಿಷಯ. ಮನಿಗೆ ಕಳಿಸಿ, ಓದಾಕ ಬರೋ ಹಿರಿಯರ ಕಡೆಯಿಂದ ಕೆಂಪು ಪೆನ್ನಿಲೆ ತಿದ್ದಿಸಿ ಸಹಿ ಹಾಕಿಸ್ಕೋರಿ. ಮಗು ಒಬ್ಬನ ಸಹಿ ನಡೆಯಂಗಿಲ್ಲ, ಹುಡುಗರು ನೋಡದನ ಸಹಿ ಹಾಕ್ತಾರ. ಬ್ಯಾಸಿಗಿ ಸೂಟ್ಯಾಗ ಆಧಾರ್ ತಿದ್ದಿಸ್ಕೊಂಡು ಬರ್ತಾರ, ಜೂನ್‌ನ್ಯಾಗ ಎಸ್‌ಎಟಿಎಸ್ ತಿದ್ದೋದು. ಅಕ್ಟೋಬರ್–ನವೆಂಬರ್‌ಕ್ಕ ಮಂಡಳಿ ಪಟ್ಟಿ ತೆರದಾಗ ಫೋಟೋ, ಸಹಿ ಅಷ್ಟ ಉಳಿದಿರಬೇಕು. ಆವಾಗ ತಿದ್ದಾಕ ಹೋದ್ರ ಸರ್ವರ್ ನಡೆಯಂಗಿಲ್ಲ, ಕೊನಿ ದಿನಾಂಕ ನಿಲ್ಲಂಗಿಲ್ಲ.

ಹುಟ್ಟಿದ ದಿನಾಂಕಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ದಾಖಲಾತಿ ವಹಿಯೊಳಗ ಇದ್ದದ್ದನ್ನ ಮುಖ್ಯಶಿಕ್ಷಕರು ತಾವ ತಿದ್ದಂಗಿಲ್ಲ. ಬಿಳಿ ಹಚ್ಚಿ ಮ್ಯಾಲೆ ಬರದದ್ದು ಇಪ್ಪತ್ತು ವರ್ಷ ಆದಮ್ಯಾಲೂ ಕಾಣ್ತದ.

ವಿದ್ಯಾರ್ಥಿವೇತನ: ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಜಾತಿ–ಆದಾಯ ಪ್ರಮಾಣಪತ್ರದ ಮ್ಯಾಲಿನ ಆರ್‌ಡಿ ನಂಬರ್ ಬೇಕು. ಆದಾಯದ್ದು ಐದು ವರ್ಷಕ್ಕ ಮುಗೀತದ. ಐದನೇ ತರಗತ್ಯಾಗ ತಗಸಿದ್ದು ಹತ್ತಕ್ಕ ಬರೂದ್ರಾಗ ಸತ್ತಿರ್ತದ, ಅರ್ಜಿ ಅಲ್ಲೇ ನಿಲ್ತದ. ಇನ್ನೊಂದು, ‘ಆಧಾರ್ ಲಿಂಕ್ ಆಗೇದ’ ಅಂತ ಬ್ಯಾಂಕ್‌ನವ್ರು ಹೇಳಿದ್ರ ಸಾಲದು. ಕೆವೈಸಿಗೆ ಕೊಟ್ಟ ಆಧಾರ್ ಬ್ಯಾರೆ, ಎನ್‌ಪಿಸಿಐ ಮ್ಯಾಪಿಂಗ್ (ಸರಕಾರದ ರೊಕ್ಕ ಯಾವ ಖಾತೆಗೆ ಬೀಳಬೇಕು ಅಂತ ಆಧಾರ್‌ಗೆ ಜೋಡಿಸೋದು) ಬ್ಯಾರೆ. ಎರಡನೇದು ಆಗದಿದ್ರ ರೊಕ್ಕ ಮಂಜೂರಾಗಿ ವಾಪಸ್ ಹೋಗ್ತದ. ‘ಎನ್‌ಪಿಸಿಐಗೆ ಸೀಡ್ ಮಾಡ್ರಿ’ ಅಂತ ಆ ಶಬ್ದನ ಬರದು ಚೀಟಿ ಕೊಟ್ಟು ಕಳಸ್ರಿ.

ಎನ್‌ಎಂಎಂಎಸ್ (ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ) ಮರೀಬ್ಯಾಡ್ರಿ. ಎಂಟನೇದವ್ರಿಗೆ, ಮನಿ ಆದಾಯ ವರ್ಷಕ್ಕ ಮೂರೂವರೆ ಲಕ್ಷದೊಳಗ ಇರಬೇಕು. ಪಾಸಾಗಿ ಆಯ್ಕೆ ಆದ್ರ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕ ₹12,000. ಬಾಳ ಶಾಲ್ಯಾಗ ಪರೀಕ್ಷೆ ಬರಸ್ತಾರ, ಆಯ್ಕೆ ಆದಮ್ಯಾಲೆ ರಾಷ್ಟ್ರೀಯ ಪೋರ್ಟಲ್‌ನ್ಯಾಗ ಅರ್ಜಿ ಹಾಕೋದು ಮರೀತಾರ. ಪ್ರತಿ ವರ್ಷ ನವೀಕರಣ ಬ್ಯಾರೆ ಅದ.

ಗ್ರಾಫ್ ಹಾಳೆ (ಬೆಳಗಾವಿ ಜಿಲ್ಲೆ)

ಹಳೇ ಹಾಜರಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಒಂದಕ್ಕೆ ತಕರಾರು.

ತಕರಾರು ಮೊದಲು. ಎಂಟನೇ ತರಗತಿಯ ಓದು ಮುಖ್ಯ, ಒಪ್ಪಿದೆ. ಆದರೆ ಈ ವರ್ಷ ಹತ್ತರಲ್ಲಿ ಕೂತ 54 ಮಕ್ಕಳಿಗೆ ಆ ಮಾತು ಉತ್ತರ ಅಲ್ಲ. ಅವರಿಗೆ ವಿಶೇಷ ವರ್ಗ ಬೇಕೇ ಬೇಕು. ಯಾವಾಗ ಅನ್ನುವುದು ಪ್ರಶ್ನೆ. ಸಂಜೆ 5ರಿಂದ 6 ಅಂತ ಇಟ್ಟರೆ ತೋಟದ ಮನೆಯ ಹೆಣ್ಣುಮಕ್ಕಳು ಕೊನೆಯ ಬಸ್ಸಿಗೆ ಓಡುತ್ತಾರೆ, ಉಳಿಯುವವರು ಊರೊಳಗಿನ ಹುಡುಗರು, ಅವರೇ ಮೊದಲಿನಿಂದ ಚೆನ್ನಾಗಿ ಓದುವವರು. ಮುಂಜಾನೆ 9ರಿಂದ 9:45 ಇಡಿ. ಬಸ್ಸು, ಟಂಟಂ ಹೇಗೂ ಆ ಹೊತ್ತಿಗೆ ಬಂದಿರುತ್ತವೆ. ಮತ್ತು ನವೆಂಬರ್‌ನಿಂದ ಅಲ್ಲ, ಜುಲೈ ಒಂದರಿಂದ.

54 ಮಕ್ಕಳನ್ನು ಮೊದಲ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಆದಮೇಲೆ ಮೂರು ಗುಂಪು ಮಾಡಿ. ಶೇ. 50ಕ್ಕಿಂತ ಮೇಲೆ ಬರುವವರನ್ನು ಅವರ ಪಾಡಿಗೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿ. ಅಂಚಿನಲ್ಲಿರುವವರಿಗೆ ವಿಷಯ ಶಿಕ್ಷಕರು. ಏನೂ ಬರದವರು ಹತ್ತು ಹನ್ನೆರಡು ಮಂದಿ ಇರುತ್ತಾರೆ, ಅವರನ್ನು ಇಬ್ಬರು ಶಿಕ್ಷಕರು ಹಂಚಿಕೊಳ್ಳಿ. ಅವರಿಗೆ ಇಡೀ ಪುಸ್ತಕ ಬೇಡ. ಗಣಿತವನ್ನೇ ತಗೊಳ್ಳಿ: 80 ಅಂಕಕ್ಕೆ 38 ಪ್ರಶ್ನೆ. ಒಂದಂಕದ್ದು 16 (ಅರ್ಧ ಬಹು ಆಯ್ಕೆ), ಎರಡಂಕದ್ದು 8, ಮೂರಂಕದ್ದು 9, ನಾಲ್ಕಂಕದ್ದು 4, ಐದಂಕದ್ದು 1. ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದು, ಸಮಾಂತರ ಶ್ರೇಢಿಯ n ನೇ ಪದ ಮತ್ತು ಮೊತ್ತ, ವರ್ಗ ಸಮೀಕರಣಕ್ಕೆ ಸೂತ್ರ ಹಾಕುವುದು, ಸರಾಸರಿ–ಮಧ್ಯಾಂಕ–ರೂಢಿಬೆಲೆ, ಮೂಲ ಸಮಾನುಪಾತತೆಯ ಪ್ರಮೇಯ, ಸ್ಪರ್ಶಕದ ಪ್ರಮೇಯ. ಇಷ್ಟು ಬಂದರೆ ದಂಡೆ ಸೇರಿದ ಹಾಗೆ.

ನಕ್ಷೆಯಲ್ಲಿ ಅಂಕ ಹೋಗುವುದು ಲೆಕ್ಕ ಬಾರದೆ ಅಲ್ಲ. ಪ್ರಮಾಣ ಬರೆಯುವುದಿಲ್ಲ, ಅಕ್ಷಗಳಿಗೆ ಹೆಸರು ಹಾಕುವುದಿಲ್ಲ, ಎರಡೇ ಬಿಂದು ತಗೊಂಡು ಅದರಲ್ಲಿ ಒಂದು ತಪ್ಪಿದರೂ ಗೊತ್ತಾಗುವುದಿಲ್ಲ. ಮೂರು ಬಿಂದು ಕಡ್ಡಾಯ ಮಾಡಿ. ಮೂರನೆಯದು ಸಾಲಿಗೆ ಬರದಿದ್ದರೆ ಮಗುವೇ ತಪ್ಪು ಹಿಡಿಯುತ್ತದೆ. ರೇಖೆಗಳು ಕೂಡುವ ತನಕ ಎಳೆಸಿ, ಉತ್ತರವನ್ನು x = , y = ಅಂತ ಹಾಳೆಯ ಮೇಲೆಯೇ ಬರೆಸಿ. ಸೀಸದ ಕಡ್ಡಿ ಮೊಂಡಾಗಿದ್ದರೆ ಛೇದಕ ಬಿಂದು ಅರ್ಧ ಸೆಂಟಿಮೀಟರ್ ದಪ್ಪ ಆಗುತ್ತದೆ. ಪರೀಕ್ಷೆಯ ದಿನ ಎರಡು ಕೆತ್ತಿದ ಪೆನ್ಸಿಲ್ ಅಂತ ಹತ್ತು ಸಲ ಹೇಳಬೇಕು.

ಇನ್ನು ಸೇರಿಸುವುದು: ಆಂತರಿಕ ಅಂಕ. ನಾಲ್ಕು ಎಫ್‌ಎ, ಒಂದೊಂದು 50ಕ್ಕೆ (ಎರಡು ಚಟುವಟಿಕೆ 15ರಂತೆ, ಲಿಖಿತ ಕಿರು ಪರೀಕ್ಷೆ 20). ಒಟ್ಟು 200ನ್ನು 20ಕ್ಕೆ ಇಳಿಸುವುದು, ಪ್ರಥಮ ಭಾಷೆಗೆ ಮಾತ್ರ 25ಕ್ಕೆ. ಅಂದರೆ ಕನ್ನಡಕ್ಕೆ 8ರಿಂದ ಭಾಗಿಸಿ, ಉಳಿದವಕ್ಕೆ 10ರಿಂದ. ಎಲ್ಲ ವಿಷಯಕ್ಕೂ 10ರಿಂದ ಭಾಗಿಸಿ ಕನ್ನಡದಲ್ಲಿ ಮಕ್ಕಳ ಐದಂಕ ಕಳೆಯುವ ಶಾಲೆಗಳಿವೆ. ಅಪ್‌ಲೋಡ್ ಮಾಡುವ ಮುನ್ನ ಒಬ್ಬರು ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಒಮ್ಮೆ ಅಂತಿಮಗೊಳಿಸಿದರೆ ತಿದ್ದಲು ಬೆಂಗಳೂರಿನವರೆಗೆ ಪತ್ರ.

ಮತ್ತು ಎಲ್ಲರಿಗೂ 20ಕ್ಕೆ 20 ಹಾಕುವ ಚಟ ಬಿಡಿ. 2024ರಿಂದ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿದೆ. 2023ರಲ್ಲಿ 83.89 ಇದ್ದ ರಾಜ್ಯದ ಶೇಕಡಾವಾರು ಆ ವರ್ಷ 73.40ಕ್ಕೆ ಬಂತು, ಅದೂ ಕೃಪಾಂಕ ಕೊಟ್ಟಮೇಲೆ. ಆಂತರಿಕದಲ್ಲಿ 20, ಬರವಣಿಗೆಯಲ್ಲಿ 9 ಅಂತ ಬಂದ ಅಂಕಪಟ್ಟಿ ಶಾಲೆಯ ಬಗ್ಗೆ ತಾನೇ ಮಾತಾಡುತ್ತದೆ. 2025-26ರಿಂದ ತೇರ್ಗಡೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30, ಒಟ್ಟಾರೆ ಶೇ. 33 ಸಾಕು ಅಂತ ಆಗಿದೆ ನಿಜ, ಅದನ್ನೇ ಗುರಿ ಅಂತ ಮಕ್ಕಳ ಮುಂದೆ ಮಾತ್ರ ಹೇಳಬೇಡಿ.

ಗೈರುಹಾಜರಿ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಬೇಕು. 200 ದಿನ ಶಾಲೆ ನಡೆದರೆ 150 ದಿನ. ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಕಬ್ಬಿನ ಗ್ಯಾಂಗ್ ಜೊತೆ ಹೋದ ಮಗು ಎಪ್ಪತ್ತರ ಹತ್ತಿರ ಕಳೆದುಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು. ಹೊರಡುವ ಹೊತ್ತಿಗೆ ಹೋಗಿ ಬುದ್ಧಿ ಹೇಳಿ ಫಲವಿಲ್ಲ, ಮುಂಗಡ ಹಣ ಆಗಲೇ ಖರ್ಚಾಗಿರುತ್ತದೆ. ಪಟ್ಟಿ ಜೂನ್‌ನಲ್ಲೇ ಮಾಡಿ: ಹೋದ ವರ್ಷ ಯಾರ ಮನೆ ಹೋಗಿತ್ತು ಅಂತ ತಾಂಡಾದ ಮಕ್ಕಳೇ ಹೇಳುತ್ತಾರೆ. ಅವರ ಅರ್ಜಿಯನ್ನು ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಕ್ಕೆ ಜೂನ್–ಜುಲೈನಲ್ಲಿ ಹಾಕಿಸಿ. ಅಕ್ಟೋಬರ್‌ನಲ್ಲಿ ಸೀಟು ಇರುವುದಿಲ್ಲ. ಹಾಸ್ಟೆಲ್ ಸಿಗದವರಿಗೆ ಅಜ್ಜಿಯ ಮನೆ, ಸೋದರಮಾವನ ಮನೆ ಯಾವ ಊರಲ್ಲಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಸೌಟು (ಬಾಗಲಕೋಟೆ)

ಬಿಸಿಯೂಟದ ಲೆಕ್ಕ ಕೂಡದಿರಲು ಕಾರಣ ಒಂದೇ: ಅಡಿಗೆ ಹಾಜರಿಗೆ, ಬರೆಯುವುದು ದಾಖಲಾತಿಗೆ. ಬೆಳಿಗ್ಗೆ ಹಾಜರಿ ಆದ ಕೂಡಲೇ ಸಂಖ್ಯೆಯನ್ನು ಅಡಿಗೆ ಕೋಣೆಯ ಹಲಗೆ ಮೇಲೆ ಬರೆಯಿರಿ, ವಹಿಗೆ ಅದೇ ಹೋಗಬೇಕು. ಹೈಸ್ಕೂಲಿನ ಮಗುವಿಗೆ ಅಕ್ಕಿ 150 ಗ್ರಾಂ, ಬೇಳೆ 30, ತರಕಾರಿ 75, ಎಣ್ಣೆ 7.5. 150 ಮಕ್ಕಳು ಬಂದ ದಿನ ಅಕ್ಕಿ 22.5 ಕೆಜಿ, ಬೇಳೆ 4.5 ಕೆಜಿ, ತರಕಾರಿ 11.25 ಕೆಜಿ, ಎಣ್ಣೆ 1.125 ಕೆಜಿ. ಮೂಟೆ ಇಳಿಸಿಕೊಳ್ಳುವಾಗ ತೂಕ ಮಾಡಿಯೇ ಸಹಿ ಹಾಕಿ. ಮೂಟೆಯ ಮೇಲೆ 50 ಅಂತ ಇದ್ದರೆ ಒಳಗೆ 50 ಇರುತ್ತದೆ ಅಂತ ಅಲ್ಲ, ಆ ಕೊರತೆ ವರ್ಷದ ಕೊನೆಗೆ ನಿಮ್ಮ ತಲೆಗೆ.

ಹಾಲಿನ ಪುಡಿ ಮಗುವಿಗೆ 18 ಗ್ರಾಂ, ಆಗುವ ಹಾಲು 150 ಮಿಲಿ. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟಾಗಿ ತಳ ಹಿಡಿಯುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಕಲಸಿ, ಸೋಸಿ, ಆಮೇಲೆ ಕಾಯಿಸಬೇಕು. ತೆರೆದ ಪೊಟ್ಟಣವನ್ನು ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಮೊಟ್ಟೆ ಈಗ ವಾರಕ್ಕೆ ಆರು ದಿನ: ಎರಡು ದಿನ ಸರಕಾರದ್ದು, ನಾಲ್ಕು ದಿನ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್‌ದು. ಲೆಕ್ಕ ಬೇರೆ ಬೇರೆ ಪುಟದಲ್ಲಿ ಇಡಿ, ಕಲಸಿದರೆ ಬಿಡಿಸಲು ಆಗದು. ಮೊಟ್ಟೆ ತಿನ್ನದವರ ಪಟ್ಟಿ ಜೂನ್‌ನಲ್ಲಿ ಪಾಲಕರ ಸಹಿಯೊಂದಿಗೆ ತಗೊಳ್ಳಿ, ಅವರಿಗೆ ಬಾಳೆಹಣ್ಣು. ಬೇಯಿಸುವ ಮುಂಚೆ ನೀರಲ್ಲಿ ಹಾಕಿ, ತೇಲಿದ್ದನ್ನು ಎಸೆಯಿರಿ. ಊಟ ಬಡಿಸುವ ಅರ್ಧ ಗಂಟೆ ಮೊದಲು ಒಬ್ಬ ಶಿಕ್ಷಕರು ಉಂಡು ರುಚಿ ವಹಿಗೆ ಸಹಿ ಹಾಕಬೇಕು, ಮಕ್ಕಳು ಉಂಡಮೇಲೆ ಅಲ್ಲ.

ಕರಿಹಲಗೆ

ಎಲ್ಲರಿಗೂ ಶರಣು. ಎರಡು ಅನುಮಾನ ಉಳಿದವು. ಟಪಾಲು ವಹಿಯವರಿಗೆ: ಟಿಸಿ ಕೊಡುವ ಹೊತ್ತಿಗೆ ಏನು ತೊಡಕು ಬರುತ್ತದೆ? ಗ್ರಾಫ್ ಹಾಳೆ ಮೇಡಂ ಅವರಿಗೆ: ಕಬ್ಬಿನದು ಸರಿ, ಆದರೆ ನಮ್ಮಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ಮಣೂಕ ಶೆಡ್‌ಗೆ ಹೋಗುವವರು ಊರಲ್ಲೇ ಇರುತ್ತಾರೆ, ಶಾಲೆಗೆ ಮಾತ್ರ ಬರುವುದಿಲ್ಲ.

ಟಪಾಲು ವಹಿ

ಟಿಸಿ ಜೋಡಿ ಮೂರು ಕಾಗದ ಕೂಡೇ ಕೊಟ್ಟುಬಿಡ್ರಿ: ವ್ಯಾಸಂಗ, ಕನ್ನಡ ಮಾಧ್ಯಮ, ಗ್ರಾಮೀಣ. ಮುಂದ ಸಿಇಟಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳಬೇಕಾದ್ರ ಒಂದರಿಂದ ಹತ್ತರ ತನಕ ಹತ್ತೂ ವರ್ಷದ್ದು ಬೇಕು. ನೀವು ಕೊಡೋದು ಮೂರು ವರ್ಷದ್ದು ಅಷ್ಟ. ಉಳಿದ ಏಳು ವರ್ಷದ್ದು ಪ್ರಾಥಮಿಕ ಶಾಲಿಯಿಂದ ತರಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು ಅಂತ ಮಕ್ಕಳಿಗೆ ಆವಾಗ ಹೇಳ್ರಿ. ಎರಡು ವರ್ಷ ಬಿಟ್ಟು ಸಿಇಟಿ ಕೊನಿ ದಿನ ಓಡಿ ಬರ್ತಾರ, ಅವತ್ತು ಶಾಲಿಗೆ ಸೂಟಿ ಇರ್ತದ.

ಫೇಲಾದವ್ರ ಮೊಬೈಲ್ ನಂಬರ್ ಎರಡು ಬರ್ಕೊಂಡಿರ್ರಿ, ಮನಿದೊಂದು, ಓಣ್ಯಾಗಿನವ್ರದೊಂದು. 2024ರಿಂದ ಪರೀಕ್ಷೆ-1 ಆದಮ್ಯಾಲೆ ಅದೇ ವರ್ಷ ಪರೀಕ್ಷೆ-2 ಅಂತ ಮತ್ತೊಂದು ಅವಕಾಶ ಅದ (2024, 2025ರಾಗ ಮೂರನೇದೂ ಇತ್ತು), ಫಲಿತಾಂಶ ಬಂದು ಕೆಲವೇ ದಿನದಾಗ ಎರಡನೇದ್ದಕ್ಕ ಹೆಸರು ಹಚ್ಚಬೇಕು. ಅಷ್ಟ್ರಾಗ ಗೋವಾಕ್ಕೋ ಪುಣೆಕ್ಕೋ ದುಡ್ಯಾಕ ಹೋಗಿರ್ತಾರ, ಫೋನು ಹತ್ತಂಗಿಲ್ಲ.

ಗ್ರಾಫ್ ಹಾಳೆ

ಮಣೂಕದ್ದು ದಿನಗೂಲಿ ಕೆಲಸ, ಹೆಚ್ಚಾಗಿ ತಾಯಿಯ ಜೊತೆ ಹೋಗುತ್ತಾರೆ. ಹಾಗಾಗಿ ಶೆಡ್ ಮಾಲೀಕರ ಜೊತೆ ಮಾತಾಡಿ, ಮನೆಯವರ ಜೊತೆ ಆಮೇಲೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ ಅಂತ ಅವರಿಗೂ ಗೊತ್ತು. ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ಜಾಗಕ್ಕೆ ದೊಡ್ಡ ಮಕ್ಕಳನ್ನೂ ಬಿಡಬಾರದು. ಎಸ್‌ಡಿಎಂಸಿಯಲ್ಲಿ (ಪಾಲಕರು ಇರುವ ಶಾಲಾ ಸಮಿತಿ) ದ್ರಾಕ್ಷಿ ಬೆಳೆಗಾರರು ಒಬ್ಬರಾದರೂ ಇದ್ದೇ ಇರುತ್ತಾರೆ, ಜನವರಿ ಸಭೆಯಲ್ಲಿ ಈ ವಿಷಯವನ್ನು ನಡವಳಿ ಪುಸ್ತಕಕ್ಕೆ ಏರಿಸಿ ಅವರಿಂದಲೇ ಹೇಳಿಸಿ. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098.

ಹತ್ತನೆಯವರಿಗೆ ಇನ್ನೊಂದು ಹಿಡಿತ ಇದೆ: ಪ್ರವೇಶಪತ್ರ ಕೊಡುವ ದಿನ ತಾಯಿಯನ್ನೂ ಕರೆಸಿ. ಪರೀಕ್ಷೆ ಕೇಂದ್ರ ಯಾವ ಊರು, ಬಸ್ಸು ಎಷ್ಟಕ್ಕೆ, ಹತ್ತು ಗಂಟೆಯ ಪರೀಕ್ಷೆಗೆ ಎಷ್ಟು ಹೊತ್ತಿಗೆ ಮನೆ ಬಿಡಬೇಕು ಅಂತ ಅವರ ಮುಂದೆಯೇ ಹೇಳಿ.

ಸೀಟಿ (ವಿಜಯಪುರ)

ಕ್ರೀಡೆಗೆ ಯಾರೂ ಬರೆದಿಲ್ಲ. 17 ವರ್ಷದೊಳಗಿನ ವಿಭಾಗಕ್ಕೆ ವಯಸ್ಸಿನ ದಾಖಲೆ, ಆಧಾರ್, ಫೋಟೋ ಅಂಟಿಸಿದ ಅರ್ಹತಾ ಪತ್ರ, ಇವನ್ನು ಜುಲೈ ಮೊದಲ ವಾರವೇ ತಯಾರು ಇಡಿ. ತಾಲ್ಲೂಕು ಮಟ್ಟದಲ್ಲಿ ತಂಡಗಳು ಹೊರಬೀಳುವುದು ಆಟದಲ್ಲಿ ಕಡಿಮೆ, ಕಾಗದದಲ್ಲಿ ಹೆಚ್ಚು. ಕೊಕ್ಕೋ, ಕಬಡ್ಡಿ ಎರಡಕ್ಕೂ ಅದೇ ಮಕ್ಕಳನ್ನು ಹಾಕಬೇಡಿ, ಒಂದೇ ದಿನ ಎರಡೂ ಪಂದ್ಯ ಬೀಳುತ್ತವೆ. ಕಪ್ಪು ಮಣ್ಣಿನ ಮೈದಾನ ಮಳೆ ಬಂದ ಮಾರನೇ ದಿನ ಆಡಲು ಯೋಗ್ಯ ಇರುವುದಿಲ್ಲ, ಕಾಲು ಹೂತು ಪಾದ ತಿರುಚುತ್ತದೆ. ಅಂಕಣದ ಮೇಲೆ ಮೂರು ನಾಲ್ಕು ಟ್ರಾಲಿ ಗರಸು ಹಾಕಿಸಿ ರೋಲರ್ ಹೊಡೆಸುವುದನ್ನು ಮೇ ತಿಂಗಳಲ್ಲೇ ಪಂಚಾಯಿತಿಗೆ ಬರೆದು ಕೇಳಿ.